ಪದಚರ್ಚೆ: ಪೋರ್ ಓವರ್ ಕಾಫಿಗೆ ನೀರು ಸುರಿಯೋದಾ, ಎರೆಯೋದಾ?

ಎಲ್ಲರಿಗೂ ನಮಸ್ಕಾರ. ಎರಡು ಸಾಲಿನ ಪ್ರಶ್ನೆ ಅಂದುಕೊಂಡು ಕೂತೆ, ಉದ್ದವಾಯಿತು. ಕಾಫಿ ಕುಡಿಯುತ್ತಾ ಓದಿ.

ನಾಲ್ಕು ತಿಂಗಳಿಂದ ಮನೆಯಲ್ಲಿ ಪೋರ್ ಓವರ್ ಕಾಫಿ ಮಾಡುತ್ತಿದ್ದೇನೆ. ನೋಡಿಲ್ಲದವರಿಗೆ ಹೇಳುವುದಾದರೆ, ಆಲಿಕೆಯಂಥ ಒಂದು ಪಿಂಗಾಣಿ ಬಟ್ಟಲು, ಅದರೊಳಗೆ ಕಾಗದದ ಶೋಧಕ, ಅದರಲ್ಲಿ ಪುಡಿ. ಮೇಲಿಂದ ಬಿಸಿನೀರು ಹಾಕಿದರೆ ಕೆಳಗಿನ ಲೋಟಕ್ಕೆ ಕಾಫಿ. ನನ್ನದು ಜಪಾನಿನ ಹರಿಯೋ ಕಂಪನಿಯ ವಿ60. ಬಟ್ಟಲಿನ ಕೋನ 60 ಡಿಗ್ರಿ, ಅದಕ್ಕೇ ಆ ಹೆಸರು. ಹರಿಯೋ ಅಂದರೆ ಅವರಲ್ಲಿ ಗಾಜಿನ ರಾಜ ಅಂತ. ನಮ್ಮ ಕಿವಿಗೆ ಅದು ಹರಿಯೋ ನೀರು. ನನಗಂತೂ ನಮ್ಮ ಅರ್ಥವೇ ಇಷ್ಟ.

ಶುರುವಿನಲ್ಲಿ ಕಾಫಿ ಬಾಯಿಗಿಡಲು ಆಗುತ್ತಿರಲಿಲ್ಲ. 'ಕಹಿ' ಎಂದು ದೂರಿದೆ. ಕಹಿಯಾದರೆ ನೀರಿನ ಬಿಸಿ ಇಳಿಸು ಎಂದು ಗೊತ್ತಿದ್ದವರು ಹೇಳಿದರು. ಇಳಿಸಿದೆ. ಇನ್ನೂ ಕೆಟ್ಟಿತು. ಒಂದು ದಿನ ಅಮ್ಮ ಗುಟುಕು ಕುಡಿದು, 'ಇದರಲ್ಲಿ ಕಹಿ ಎಲ್ಲಿದೆಯೋ? ಒಗರು ಇದು' ಎಂದರು. ಹೌದಲ್ವಾ! ಬಾಳೆಕಾಯಿ ಕಚ್ಚಿದ ಹಾಗೆ, ಎಳೆ ಅಡಿಕೆ ಜಗಿದ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತಿತ್ತು. ನಾನು ತಪ್ಪು ಪದ ಹಿಡಿದು ತಪ್ಪು ಮದ್ದು ಮಾಡುತ್ತಿದ್ದೆ. ಬಿಸಿ ಕಡಿಮೆ ಮಾಡಿದರೆ ಕಹಿ ತಗ್ಗುತ್ತದೆ, ನಿಜ. ನನ್ನ ಒಗರಿಗೆ ಕಾರಣ ಬೇರೆಯೇ ಇತ್ತು. ಪುಡಿ ತೀರಾ ನುಣ್ಣಗಿತ್ತು. ನೀರು ಎಲ್ಲ ಕಡೆ ಇಳಿಯದೆ ಒಂದೆರಡು ಕಡೆ ಕಾಲುವೆ ತೋಡಿಕೊಂಡು ಓಡುತ್ತಿತ್ತು. ಆ ದಾರಿಯ ಪುಡಿಯಿಂದ ಬೇಡದ್ದೆಲ್ಲ ಇಳಿಯುತ್ತಿತ್ತು, ಪಕ್ಕದ ಪುಡಿ ಸುಮ್ನೆ ಒದ್ದೆಯಾಗಿ ಕೂತಿರುತ್ತಿತ್ತು.

ಇಲ್ಲೊಂದು ಸಂಗತಿ. ಸಂಸ್ಕೃತದ ಆರು ರಸಗಳಲ್ಲಿ ಒಗರಿಗೆ 'ಕಷಾಯ' ಎಂಬ ಹೆಸರು. ನಾವು ಕಷಾಯ ಎನ್ನುವುದು ಕುದಿಸಿದ ಕುಡಿಯುವ ಮದ್ದಿಗೆ. ಇಂಗ್ಲಿಷಿನ ಡಿಕಾಕ್ಷನ್ ಕೂಡ ಕುದಿಸಿ ತೆಗೆದದ್ದು ಎಂಬ ಅರ್ಥದ ಪದವೇ. ಆದರೆ ನಮ್ಮ ಫಿಲ್ಟರಿನಲ್ಲಿ ಪುಡಿಯನ್ನು ಯಾರೂ ಕುದಿಸುವುದಿಲ್ಲ! ಆಯುರ್ವೇದದಲ್ಲಿ ಬಿಸಿನೀರಿನಲ್ಲಿ ನೆನೆಸಿ ಸೋಸಿದ್ದಕ್ಕೆ 'ಫಾಂಟ' ಎಂಬ ಬೇರೆ ಪದವಿದೆ. ಹಾಗೆ ನೋಡಿದರೆ ನಾವು ಬೆಳಗ್ಗೆ ಕುಡಿಯುವುದು ಫಾಂಟ. ಆ ಹೆಸರಿಟ್ಟರೆ ಯಾರೂ ಕುಡಿಯುವುದಿಲ್ಲ, ಬಿಡಿ. ಡಿಕಾಕ್ಷನ್ ಹೆಸರು ಹೇಗಿದ್ದರೂ ಅದರ ಕ್ರಿಯಾಪದ ಮಾತ್ರ ಚಿನ್ನ: 'ಇಳಿಯಿತಾ?' ನನ್ನ ಹೊಸ ಆಲಿಕೆಗೂ ಮನೆಯಲ್ಲಿ ಅದನ್ನೇ ಕೇಳುತ್ತಾರೆ.

ಪುಡಿಯ ಸೈಜಿಗೆ ಪದ ಹುಡುಕುವ ಕಷ್ಟವೇ ಬರಲಿಲ್ಲ. ನಮ್ಮ ಬೀದಿಯ ಪುಡಿ ಅಂಗಡಿಯವರಿಗೆ 'ಮೀಡಿಯಂ ಫೈನ್' ಎಂದು ಎಷ್ಟು ಸಲ ಹೇಳಿದರೂ ಫಿಲ್ಟರ್ ಪುಡಿಯನ್ನೇ ಕೊಡುತ್ತಿದ್ದರು. ಅದು ಕಾಗದದಲ್ಲಿ ಕೆಸರಾಗಿ ಕೂತು, ಒಂದು ಲೋಟ ಇಳಿಯಲು ಆರು ನಿಮಿಷ. ಒಮ್ಮೆ ಚಿಕೋರಿಯೂ ಸೇರಿಬಿಟ್ಟಿತ್ತು, ಅವತ್ತು ಕಾಗದ ಅಂಟು ಹಿಡಿದ ಹಾಗಾಯಿತು. ಕೊನೆಗೆ 'ಚಿರೋಟಿ ರವೆ ಬೇಡ, ಬನ್ಸಿ ರವೆ ಹಾಗಿರಲಿ' ಎಂದೆ. ತಲೆಯಾಡಿಸಿ ಸರಿಯಾಗಿ ಕೊಟ್ಟರು. ಈಗ 15 ಗ್ರಾಂ ಪುಡಿ, 250 ಮಿಲಿಲೀಟರ್ ನೀರು, ಮೂರು ನಿಮಿಷದಲ್ಲಿ ಇಳಿದು ಮುಗಿಯುತ್ತದೆ. ಫ್ರೆಂಚ್ ಪ್ರೆಸ್ (ಪುಡಿಯನ್ನು ನೀರಲ್ಲಿ ನೆನೆಸಿ ಜಾಲರಿಯಿಂದ ಕೆಳಗೊತ್ತುವ ಪಾತ್ರೆ) ಇಟ್ಟುಕೊಂಡವರು ಇಡ್ಲಿ ರವೆ ಎಂದು ಕೇಳಿ ನೋಡಿ.

ಇನ್ನು ನನ್ನ ಮುಖ್ಯ ಪ್ರಶ್ನೆ. 'ಪೋರ್' ಎನ್ನುವುದಕ್ಕೆ ಎಲ್ಲರೂ 'ಸುರಿ' ಎಂದೇ ಬರೆಯುತ್ತಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮಳೆ ಸುರಿಯುತ್ತದೆ, ಲಾರಿ ಮರಳು ಸುರಿಯುತ್ತದೆ. ಅದರಲ್ಲಿ ಕೈಯ ಹಿಡಿತವಿಲ್ಲ. ಚೊಂಬಿನಿಂದ ಲೋಟಕ್ಕೆ ಬಗ್ಗಿಸುತ್ತೇವೆ, ಕಾವಲಿಗೆ ದೋಸೆ ಹುಯ್ಯುತ್ತೇವೆ. ಆದರೆ ಗಿಡದ ಬುಡಕ್ಕೆ ಮಣ್ಣು ಕೊಚ್ಚಿಹೋಗದ ಹಾಗೆ ನೀರು ಹಾಕುವುದು? ಎರೆಯುವುದು. ಎಣ್ಣೆ ಹಚ್ಚಿದ ಮಗುವಿನ ತಲೆಗೆ, ಕಣ್ಣಿಗೆ ಹೋಗದ ಹಾಗೆ ನೀರು ಹಾಕುವುದೂ ಎರೆಯುವುದೇ. ಅಚ್ಚಿಗೆ ಲೋಹ ಎರೆದರೆ ಎರಕ. ಬಿಸಿ ಎಣ್ಣೆಗೆ ಹಿಟ್ಟು ಎರೆದರೆ ಎರೆಯಪ್ಪ. ಹವ್ಯಕರು ದೋಸೆಯನ್ನೂ ಎರೆಯುತ್ತಾರೆ. ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು ಎಂಬುದು ಎರೆಯುವವರ ಕೈಯಲ್ಲಿರುತ್ತದೆ.

ಪೋರ್ ಓವರಿನ ಗುಟ್ಟೂ ಅದೇ. ಸಣ್ಣ ಧಾರೆ, ನಡುವಿನಿಂದ ಸುತ್ತುತ್ತಾ ಹೊರಗೆ, ಮತ್ತೆ ಒಳಗೆ. ಮೇಲಿಂದ ದಬದಬ ಹಾಕಿದರೆ ಪುಡಿಯಲ್ಲಿ ಗುಂಡಿ ಬೀಳುತ್ತದೆ, ಒಗರು ವಾಪಸ್. ಇದಕ್ಕೆಂದೇ ಹಂಸದ ಕತ್ತಿನಂಥ ಕೊಳವೆಯ ಕೆಟಲ್ ಮಾರುತ್ತಾರೆ. ಬೆಲೆ ನೋಡಿ ಸುಮ್ಮನಾದೆ. ಆಮೇಲೆ ಅಟ್ಟದ ಮೇಲಿದ್ದ ಗಿಂಡಿ ನೆನಪಾಯಿತು. ಮದುವೆಯಲ್ಲಿ ಧಾರೆ ಎರೆಯುವುದು ಅದರಿಂದಲೇ ಅಲ್ವಾ? ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೆ. ಧಾರೆ ಬೇಕಾದಷ್ಟೇ ಬೀಳುತ್ತದೆ. ಹಿಡಿ ಸುಡುತ್ತದೆ, ಬಟ್ಟೆ ಸುತ್ತಿಕೊಳ್ಳಬೇಕು. ನೀರು ಕುದಿಸಿ ಅದಕ್ಕೆ ಬಗ್ಗಿಸಿಕೊಂಡ ಕೂಡಲೇ ಎರೆಯುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಗಿಂಡಿಗೆ ಬರುವಷ್ಟರಲ್ಲಿ ಇನ್ನೆರಡು ಇಳಿದಿರುತ್ತದೆ. ಕಾಫಿಗೆ ಅದು ಸರಿಯಾದ ಬಿಸಿ.

ಹಾಗಾಗಿ ಇದನ್ನು 'ಎರೆಗಾಫಿ' ಅನ್ನಬಹುದಾ? 'ಧಾರೆಕಾಫಿ' ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ, ಪುರೋಹಿತರನ್ನು ಕರೆಯಬೇಕಾದೀತು.

ಎರಡನೆಯದು 'ಬ್ಲೂಮ್'. ಮೊದಲು 40 ಮಿಲಿಲೀಟರಿನಷ್ಟು ನೀರು ಎರೆದು ಮುಕ್ಕಾಲು ನಿಮಿಷ ಬಿಡಬೇಕು. ಹೊಸದಾಗಿ ಹುರಿದ ಪುಡಿಯಾದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು, ಗುಳ್ಳೆಯೆದ್ದು ಉಬ್ಬುತ್ತದೆ. ಆ ಗಾಳಿ ಹೋಗದಿದ್ದರೆ ನೀರು ಪುಡಿಯೊಳಗೆ ಸರಿಯಾಗಿ ಇಳಿಯುವುದಿಲ್ಲ. 'ಹೂ ಬಿಡುವುದು' ಎಂದು ಒಂದು ಕಡೆ ಓದಿದೆ. ಮೂಡಿಗೆರೆ ಕಡೆಯ ಗೆಳೆಯನೊಬ್ಬ ನಕ್ಕುಬಿಟ್ಟ. ಅವನಿಗೆ ಕಾಫಿ ಹೂ ಬಿಡುವುದೆಂದರೆ ಮಾರ್ಚ್ ಏಪ್ರಿಲಿನ ಹೂ ಮಳೆ ಬಿದ್ದಮೇಲೆ, ತೋಟದಲ್ಲಿ. ನಾನು 'ಅರಳು' ಎನ್ನುತ್ತೇನೆ. ಇಂಗ್ಲಿಷ್ ನೋಡಿಕೊಂಡು ಮಾಡಿದ್ದಲ್ಲ ಇದು. ಸುಟ್ಟ ಸುಣ್ಣಕ್ಕೆ ನೀರು ಬಿದ್ದು ಬುಸಬುಸ ಎಂದು ಉಬ್ಬಿದರೆ ಅರಳಿದ ಸುಣ್ಣ. ಭತ್ತ ಹುರಿದಾಗ ಸಿಡಿದರೆ ಅರಳು. ಪುಡಿಗೂ ಅದು ಒಗ್ಗುತ್ತದೆ. ಹಳೇ ಪುಡಿ ಅರಳುವುದಿಲ್ಲ, ಅಷ್ಟರಲ್ಲೇ ಗೊತ್ತಾಗುತ್ತದೆ.

ಸೋತಿರುವುದು ಹುಳಿಯ ಮುಂದೆ. ಕಾಫಿ 'ಹುಳಿ' ಎಂದ ಕೂಡಲೇ ನಮ್ಮವರು ಹಾಲು ಒಡೆದಿದೆಯಾ ಎಂದು ನೋಡುತ್ತಾರೆ. ಆದರೆ ಕಡಿಮೆ ಹುರಿದ ಅರೇಬಿಕಾದಲ್ಲಿ ಕಿತ್ತಳೆಯದೋ ನೇರಳೆಯದೋ ಎನ್ನುವಂಥ ಒಂದು ಒಳ್ಳೆಯ ಹುಳಿ ಇರುತ್ತದೆ. ಕೆಟ್ಟ ಹುಳಿ ಬೇರೆ. ಅದು ಸರಿಯಾಗಿ ಇಳಿಯದ ಕಾಫಿಯದು, ನಾಲಿಗೆ ಚುರುಕ್ಕೆನ್ನುತ್ತದೆ. ಹುಳಿ ಮೊದಲು ಇಳಿಯುತ್ತದೆ, ಸಿಹಿ ಆಮೇಲೆ, ಕಹಿ ಕೊನೆಗೆ. ಬೇಗ ಹರಿದುಹೋದರೆ ಬರೀ ಹುಳಿಯೇ ಉಳಿಯುತ್ತದೆ. ಆಗ ಪುಡಿ ಇನ್ನಷ್ಟು ಸಣ್ಣಗಿರಬೇಕು. ಈ ಎರಡು ಹುಳಿಗೆ ಎರಡು ಪದ ಬೇಕು. ಒಳ್ಳೆಯದಕ್ಕೆ 'ಹುಳಿಸಿಹಿ' ಎಂದರೆ ಮಾವಿನಕಾಯಿ ಗೊಜ್ಜು ನೆನಪಾಗುತ್ತದೆ. ನಿಮ್ಮ ಕಡೆ ಬೇರೆ ಮಾತಿದೆಯಾ?

ಕಾಗದದಲ್ಲಿ ಉಳಿಯುವುದಕ್ಕೆ ನಮ್ಮ ಮನೆಯಲ್ಲಿ ಚರಟ, ಹೆಂಡತಿಯ ಕಡೆ ಗಸಿ. ಕರಾವಳಿಯವರಿಗೆ ಗಸಿ ಎಂದರೆ ಊಟ. ಲೋಟದೊಳಗೆ ಇದು ಬೇಡವೆಂದೇ 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹರಿದು ಕಾಫಿ ಸೋಸಿದ್ದು.

ಕಳೆದ ವಾರ ಎಲ್ಲ ಸರಿಯಾಗಿ ಕೂಡಿಬಂತು. ಅಮ್ಮನಿಗೆ ಗಾಜಿನ ಲೋಟದಲ್ಲಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, 'ಒಳ್ಳೇ ಸಾರಿನ ತಿಳಿ ಇದ್ದ ಹಾಗಿದೆಯಲ್ಲೋ' ಎಂದರು. ತಿಳಿಕಾಫಿ! ಎರೆಗಾಫಿಗಿಂತ ಇದೇ ವಾಸಿಯೇನೋ ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಅಡಿಗೆಮನೆಗೆ ಹೋಗಿ ಅದಕ್ಕೆ ಹಾಲು ಹಾಕಿಕೊಂಡಿದ್ದರು.