ಪದ ಬೇಕಾಗಿದೆ: ಡ್ಯಾಂಡೆಲಿಯನ್‌ಗೆ ಕನ್ನಡದಲ್ಲಿ ಏನನ್ನೋಣ?

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ಪರಿಚಯದ ಅಂಗಡಿಯವರು ಹುರಿದ ಡ್ಯಾಂಡೆಲಿಯನ್ ಬೇರಿನ ಪುಡಿ ತರಿಸಿದ್ದಾರೆ. ಕಾಫಿಯಂತೆ ಕುಡಿಯೋದು, ಕೆಫೀನ್ ಇರೋದಿಲ್ಲ. ಪೊಟ್ಟಣದ ಮೇಲಿನ ಕನ್ನಡ ನನ್ನ ತಲೆಗೆ ಬಿದ್ದಿದೆ. ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ಹಳದಿ ಹೂ, ಆಮೇಲೆ ಬಿಳಿ ಉಂಡೆ, ಊದಿದರೆ ಹಾರುತ್ತದಲ್ಲ, ಅದೇ ಗಿಡ. 'ಸಿಂಹದಂತಿ ಬೇರಿನ ಪುಡಿ' ಅಂತ ಬರೆದುಕೊಂಡಿದ್ದೇನೆ. ನಡೆಯುತ್ತಾ?

ಬೀದರಿನಿಂದ:

ನಡೆಯೋದಿಲ್ಲ. ಫ್ರೆಂಚಿನಲ್ಲಿ ಅದು 'ಸಿಂಹದ ಹಲ್ಲು'. ಎಲೆಯ ಅಂಚು ಗರಗಸದ ಹಾಗಿರೋದಕ್ಕೆ ಬಂದ ಹೆಸರು. ಅವರು ತಮ್ಮ ಮಾತಿನಲ್ಲಿ ಹೆಸರಿಟ್ಟರೆ ನಾವು ಸಂಸ್ಕೃತಕ್ಕೆ ಓಡಬೇಕೇ? ಹಳೆಗನ್ನಡದಲ್ಲಿ ಸಿಂಹ ಸಿಂಗ, ಹಲ್ಲು ಪಲ್, ಸೇರಿದರೆ ಸಿಂಗವಲ್. ಪಕಾರಕ್ಕೆ ವಕಾರ ಯಾಕೆ ಬಂತು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. 'ಸಿಂಹಹಲ್ಲು' ಅಂತ ಮಾತ್ರ ಬರೆಯಬೇಡಿ, ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಮಳಖೇಡದ ನೆರೆಯಲ್ಲಿದ್ದೀರಿ, ಕವಿರಾಜಮಾರ್ಗದ ಮರ್ಯಾದೆ ಉಳಿಸಿ.

ಯಾದಗಿರಿಯಿಂದ:

ಪೊಟ್ಟಣದ ಮೇಲೆ ಸಿಂಗವಲ್ ಅಂತ ಬರೆದರೆ ಯಾವ ಊರಿನ ಹೆಸರು ಅಂತ ಕೇಳ್ತಾರೆ ಸರ್. ಹೊಸದು ಕಟ್ಟೋದು ಯಾಕೆ, ನಮ್ಮ ಹಕ್ಕರಕಿ ಸೊಪ್ಪು ಇದೆಯಲ್ರೀ! ಅದೇ ಹಳದಿ ಹೂ, ಮುರಿದರೆ ಅದೇ ಹಾಲು. ಇಂಟರ್‌ನೆಟ್ಟಿನಲ್ಲಿ ಅಡುಗೆ ಬರೆಯುವವರು ಹಕ್ಕರಕಿಗೆ ಡ್ಯಾಂಡೆಲಿಯನ್ ಅಂತಲೇ ಹಾಕ್ತಾರೆ.

ಕಲಬುರಗಿಯಿಂದ, ಇನ್ನೊಬ್ಬರು:

ಹಾಕ್ತಾರೆ ನಿಜ, ತಪ್ಪು ಹಾಕ್ತಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು ನಾನು, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಹಕ್ಕರಕಿ ಲೌನಿಯಾ ಕುಲದ್ದು, ಡ್ಯಾಂಡೆಲಿಯನ್ ಟರಾಕ್ಸಕಮ್. ಎರಡೂ ಸೂರ್ಯಕಾಂತಿ ಕುಟುಂಬದವು, ಹತ್ತಿರದ ದಾಯಾದಿಗಳು. ಹಾಗಂತ ಒಂದೇ ಅಲ್ಲ. ಕಣ್ಣಿ ಮಾರ್ಕೆಟ್ಟಿನಲ್ಲಿ ಒಂದು ಸಿವುಡು ಹಕ್ಕರಕಿ ತಂದು, ಹೂ ಬಿಟ್ಟ ಕಡ್ಡಿ ಸಿಕ್ಕರೆ ನೋಡಿ. ಕಡ್ಡಿ ಕವಲೊಡೆದು ಹಲವು ಹೂ ಹೊತ್ತಿರುತ್ತದೆ. ಡ್ಯಾಂಡೆಲಿಯನ್ನಿನಲ್ಲಿ ಎಲೆಯೆಲ್ಲ ನೆಲಕ್ಕೇ ಅಂಟಿಕೊಂಡು ಸುತ್ತ ಹರಡಿರುತ್ತದೆ. ನಡುವಿನಿಂದ ಎಲೆಯಿಲ್ಲದ ಟೊಳ್ಳು ದಂಟು ಏಳುತ್ತದೆ, ಒಂದು ದಂಟಿಗೆ ಒಂದೇ ಹೂ. ಆ ಒಂದು ಹೂವೂ ಒಂದಲ್ಲ. ನಾವು ದಳ ಅಂತ ಕಿತ್ತು ತೆಗೆಯೋ ಪ್ರತಿಯೊಂದೂ ಪೂರ್ತಿ ಹೂವೇ, ತಲಾ ಒಂದು ಬೀಜ. ಎಷ್ಟೋ ಬಗೆಗಳಲ್ಲಿ ಪರಾಗವೇ ಬೇಕಿಲ್ಲ, ಹಾಗೇ ಬೀಜ ಕಟ್ಟುತ್ತವೆ. ಮರಿಗಳೆಲ್ಲ ತಾಯಿಯ ಪಡಿಯಚ್ಚು.

ಇದು ತಂಪು ಸೀಮೆಯ ಗಿಡ. ಕಾಶ್ಮೀರದಲ್ಲಿ 'ಹಂದ್' ಅಂತಾರೆ, ಸೊಪ್ಪು ಬೇಯಿಸಿ ತಿಂತಾರೆ, ಬಾಣಂತಿಯರಿಗೂ ಕೊಡ್ತಾರೆ. ನಮ್ಮ ಜೋಳದ ಹೊಲದಲ್ಲಿ ಹುಡುಕಬೇಡಿ. ಲೇಬಲ್ಲಿನ ಮೇಲೆ ಹಕ್ಕರಕಿ ಅಂತ ಕಂಡರೆ ನಮ್ಮ ಜನ ಏನು ತಿಳೀತಾರೆ? ಸೇಂಗಾ ಹಿಂಡಿ, ಉಳ್ಳಾಗಡ್ಡಿ ಹಾಕಿ ರೊಟ್ಟಿ ಜೊತೆ ಹಸಿಯಾಗಿ ತಿನ್ನೋ ಪಲ್ಲೆ. ಅದರ ಬೇರು ಹುರಿದು ಮಾರ್ತಾರಂತೆ ಅಂತ ಮನೇಲೇ ಶುರು ಮಾಡಿದರೆ?

ಸಿಂಹದಂತಿಯಂತೂ ಇನ್ನೂ ಅಪಾಯ. ಆಯುರ್ವೇದದಲ್ಲಿ ದಂತಿ ಅಂತ ಬೇರೆ ಗಿಡವೇ ಇದೆ, ಅದರ ಬೇರು ಜೋರು ಭೇದಿಯ ಔಷಧ. ಬೇರಿನ ಪುಡಿಯ ಪೊಟ್ಟಣದ ಮೇಲೆ 'ದಂತಿ' ಬರೆದು ಯಾರನ್ನು ಎಲ್ಲಿಗೆ ಓಡಿಸಬೇಕಂತಿದ್ದೀರಿ?

ಸುಮ್ನೆ ಡ್ಯಾಂಡೆಲಿಯನ್ ಅಂತ ಬರೆಯಿರಿ. ಕೆಳಗೆ ಟರಾಕ್ಸಕಮ್ ಅಫಿಸಿನಾಲೆ ಅಂತಲೂ ಹಾಕಿ. ಇನ್ನೊಂದು ಸಾಲು ಮುಖ್ಯ: ಪಾರ್ಥೇನಿಯಂ, ಸೇವಂತಿ ಆಗದವರಿಗೆ ಇದೂ ಆಗದಿರಬಹುದು, ಒಂದೇ ಕುಟುಂಬ. ಪಾರ್ಥೇನಿಯಂ ಕಸದಿಂದ ಮೈ ಕೆರೆದುಕೊಳ್ಳುವವರು ನಮ್ಮಲ್ಲಿ ಕಡಿಮೆಯೇ?

ಬೀದರಿನಿಂದ:

ಸೋಮಾರಿಗಳ ವಾದ. ಗಿಡ ಬಂದಾಗೆಲ್ಲ ಹೆಸರೂ ಸಾಲ ತಂದರೆ ಕನ್ನಡದಲ್ಲಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ಕಲಬುರಗಿಯಿಂದ, ಇನ್ನೊಬ್ಬರು:

ಸರ್, ನೀವು ಕುಡಿಯೋ ಕಾಫಿಗೆ ಬೆರೆಸೋದು ಚಿಕೋರಿ. ಅದರ ಬೀಜವನ್ನು ಯುನಾನಿ ಹಕೀಮರು 'ಕಾಸ್ನಿ' ಅಂತ ಕೊಡ್ತಾರೆ. ಒಂದೇ ಗಿಡ, ಎರಡು ಸಾಲದ ಹೆಸರು, ಯಾರಿಗೂ ಹೊಟ್ಟೆ ಉಬ್ಬಲಿಲ್ಲ. ದವಾಖಾನಿ, ಅರ್ಜಿ, ಖಡಕ್ ರೊಟ್ಟಿ ಎಲ್ಲ ನಮ್ಮವೇ ಆದವು. ಕಜಕಿಸ್ತಾನದ ಒಂದು ಡ್ಯಾಂಡೆಲಿಯನ್ ಜಾತಿಯ ಬೇರಿನಿಂದ ಸೋವಿಯತ್ತಿನವರು ಎರಡನೇ ಮಹಾಯುದ್ಧದ ಕಾಲದಲ್ಲಿ ರಬ್ಬರ್ ತೆಗೆದರು. ಹೆಸರು ಮಾತ್ರ ಕಜಕ್ ಜನರದ್ದೇ, 'ಕೋಕ್ ಸಗೀಜ್', ಹಾಗೇ ಇಟ್ಟುಕೊಂಡರು. ರಷ್ಯನ್ ಭಾಷೆ ಬಡವಾಗಲಿಲ್ಲ. ಇನ್ನು ನಿಮ್ಮ ಫ್ರೆಂಚರು. ಸಿಂಹದ ಹಲ್ಲು ಇಂಗ್ಲಿಷರಿಗೆ ಕೊಟ್ಟು, ತಾವು ದಿನಬಳಕೆಯಲ್ಲಿ 'ಪಿಸಾಂಲಿ' ಅಂತಾರೆ. ಅಂದರೆ ಹಾಸಿಗೆಯಲ್ಲಿ ಉಚ್ಚೆ. ಮೂತ್ರ ಜಾಸ್ತಿ ಮಾಡಿಸುತ್ತೆ ಅಂತ ಆ ಹೆಸರು. ಅದನ್ನೂ ಅಚ್ಚಗನ್ನಡಕ್ಕೆ ತರ್ತೀರಾ?

ಬೀದರಿನಿಂದ:

ಮೂಲ ಗೊತ್ತಿದ್ದ ಮೇಲೂ ಬಳಸದವರ ಜೊತೆ ಚರ್ಚೆ ಇಲ್ಲ. 'ಕಾಸ್ನಿ'ಯನ್ನು ನಾನೂ ಒಪ್ಪಿಲ್ಲ.

ಯಾದಗಿರಿಯಿಂದ:

ಹಾಗಾದರೆ 'ಕಾಡು ಹಕ್ಕರಕಿ' ಅನ್ನಬಹುದಾ?

ಕಲಬುರಗಿಯಿಂದ, ಇನ್ನೊಬ್ಬರು:

ಹಕ್ಕರಕಿ ತಾನಾಗೇ ಬೆಳೆಯೋ ಗಿಡವಲ್ವಾ ಮಾರಾಯ್ರೇ? ಅದೇ ಕಾಡಿನದು.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:

ಪ್ರೆಸ್ಸಿನಿಂದ ಎರಡು ಸಲ ಫೋನ್ ಬಂತು. 'ಹುರಿದ ಡ್ಯಾಂಡೆಲಿಯನ್ ಬೇರಿನ ಪುಡಿ' ಅಂತ ಕಳಿಸಿದೆ. ಕೆಳಗೆ ಸಸ್ಯದ ಹೆಸರು, ಪಾರ್ಥೇನಿಯಂ ಅಲರ್ಜಿಯ ಎಚ್ಚರಿಕೆ ಎರಡೂ ಇವೆ. ಅಂಗಡಿಯವರು ಎಚ್ಚರಿಕೆ ಸಣ್ಣಕ್ಷರದಲ್ಲಿ ಇರಲಿ ಅಂದರು, ನಾನು ಒಪ್ಪಲಿಲ್ಲ. ಬೀದರಿನ ಸರ್, ಬೇಜಾರಾಗಬೇಡಿ.

ಬೀದರಿನಿಂದ:

'ಪುಡಿ' ಕನ್ನಡ. ಅಷ್ಟಾದರೂ ಉಳಿಸಿದಿರಿ.