ಟಿಇಎಂ ಫೋಕಸ್: ವಾಬ್ಲರ್ ನಿಂತ್ರೂ ಲ್ಯಾಟಿಸ್ ಕಾಣ್ತಿಲ್ಲ, ಏನ್ ಮಾಡ್ಲಿ?

ಗ್ರಿಡ್‌ಮರಿ:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಶುರು ಮಾಡಿ ಸ್ವಲ್ಪ ದಿನ ಆಯ್ತು, ಈಗಷ್ಟೇ ಟಿಇಎಂನಲ್ಲಿ (ಸ್ಯಾಂಪಲ್ ಮೂಲಕ ಎಲೆಕ್ಟ್ರಾನ್ ಬೀಮ್ ಹಾಯಿಸಿ ಇಮೇಜ್ ಮಾಡೋ ಮೈಕ್ರೋಸ್ಕೋಪು) ನಾನೇ ಕೂತ್ಕೊಂಡು ಕೆಲಸ ಮಾಡೋಕೆ ಪರ್ಮಿಷನ್ ಸಿಕ್ಕಿದೆ. 200 ಕೆವಿ ಮಷೀನು, ಸ್ಯಾಂಪಲ್ಲು ಸುಮಾರು 10 ನ್ಯಾನೋಮೀಟರ್ ಚಿನ್ನದ ಕಣಗಳು, ಕಾರ್ಬನ್ ಫಿಲ್ಮ್ ಇರೋ ತಾಮ್ರದ ಗ್ರಿಡ್ ಮೇಲೆ. ಸೀನಿಯರ್ ಹೇಳ್ಕೊಟ್ಟಿದ್ದು ಇಷ್ಟೇ, ವಾಬ್ಲರ್ (ಬೀಮನ್ನ ಆ ಕಡೆ ಈ ಕಡೆ ಓರೆ ಮಾಡೋದು) ಆನ್ ಮಾಡು, ಇಮೇಜ್ ಅಲ್ಲಾಡೋದು ನಿಲ್ಲೋವರೆಗೂ ಫೋಕಸ್ ನಾಬ್ ತಿರುಗಿಸು, ಆಮೇಲೆ ಫೋಟೋ ತೆಗಿ. ಹಾಗೇ ಮಾಡ್ತಿದ್ದೀನಿ ಆದ್ರೆ ದೊಡ್ಡ ಮ್ಯಾಗ್ನಿಫಿಕೇಶನ್‌ಗೆ ಹೋದ್ರೆ ಲ್ಯಾಟಿಸ್ ಗೆರೆಗಳು (ಹರಳಿನ ಪರಮಾಣು ಸಾಲುಗಳದ್ದು) ಕಾಣ್ತಾನೇ ಇಲ್ಲ, ಕಣದ ಸುತ್ತ ಒಂದ್ಸಲ ಬಿಳಿ ಅಂಚು ಬರುತ್ತೆ ಒಂದ್ಸಲ ಕರಿ ಅಂಚು ಬರುತ್ತೆ, ಯಾವುದು ಸರಿ ಅಂತಾನೇ ಗೊತ್ತಾಗಲ್ಲ. ಗ್ರಿಡ್ಡಿನ ಪಕ್ಕದ ಚೌಕಕ್ಕೆ ಹೋದ್ರೆ ಮತ್ತೆ ಮೊದಲಿಂದ ಫೋಕಸ್ ಮಾಡ್ಬೇಕು. ಸ್ಲಾಟ್ ಅರ್ಧ ಇದಕ್ಕೇ ಹೋಗ್ತಿದೆ. ಮಷೀನ್ ಪ್ರಾಬ್ಲಮ್ಮಾ ನನ್ನ ಕೈ ಪ್ರಾಬ್ಲಮ್ಮಾ?

ಹಳೇ_ಆಪರೇಟರ್:
ಎರಡೂ ಅಲ್ಲಮ್ಮ, ಕ್ರಮದ ಪ್ರಾಬ್ಲಮ್ಮು. ಫೋಕಸ್ ನಾಬಿಗೆ ಕೈ ಹಾಕೋದು ಕೊನೇಲಿ. ಮೊದಲು ಸ್ಯಾಂಪಲ್ಲಿನ ಎತ್ತರ ಸರಿ ಮಾಡ್ಕೋಬೇಕು, ಯೂಸೆಂಟ್ರಿಕ್ ಹೈಟ್ ಅಂತಾರಲ್ಲ ಅದು. ಜಿಯೋಲ್ ಮಷೀನ್ ಆದ್ರೆ ಸ್ಟ್ಯಾಂಡರ್ಡ್ ಫೋಕಸ್ ಬಟನ್ ಇರುತ್ತೆ, ಎಫ್‌ಇಐ ಆದ್ರೆ ಯೂಸೆಂಟ್ರಿಕ್ ಫೋಕಸ್, ಅದನ್ನ ಒತ್ತಿದ್ರೆ ಆಬ್ಜೆಕ್ಟಿವ್ ಲೆನ್ಸಿನ (ಫೋಕಸ್ ನಾಬ್ ಬದಲಾಯಿಸೋದು ಇದನ್ನೇ) ಕರೆಂಟು ನಿಗದಿಯಾದ ಒಂದು ಬೆಲೆಗೆ ಬಂದು ನಿಲ್ಲುತ್ತೆ. ಆಮೇಲೆ ಲೆನ್ಸ್ ಮುಟ್ಟಬೇಡ, ಝಡ್ ಬಟನ್ನಲ್ಲಿ ಸ್ಯಾಂಪಲ್ಲನ್ನೇ ಮೇಲೆ ಕೆಳಗೆ ಮಾಡಿ ಫೋಕಸ್ಸಿಗೆ ತಗೊಂಡ್ ಬಾ. ಹೋಲ್ಡರನ್ನ ಆ ಕಡೆ ಈ ಕಡೆ 15 ಡಿಗ್ರಿ ಟಿಲ್ಟ್ ಮಾಡ್ದಾಗ ಕಣ ಪಕ್ಕಕ್ಕೆ ಓಡದೆ ಅಲ್ಲೇ ಕೂತಿದ್ರೆ ಎತ್ತರ ಸರಿ ಇದೆ ಅಂತ.

ಎತ್ತರ ಬಿಟ್ಟು ಬರೀ ನಾಬಲ್ಲಿ ಫೋಕಸ್ ಮಾಡಿದ್ರೆ ಇಮೇಜೇನೋ ಬರುತ್ತೆ, ಆದ್ರೆ ಲೆನ್ಸ್ ಕರೆಂಟು ಬೇರೆ ಆಗಿರೋದ್ರಿಂದ ಮ್ಯಾಗ್ನಿಫಿಕೇಶನ್ನೂ ಬದಲಾಗಿರುತ್ತೆ, ಕ್ಯಾಮೆರಾ ಲೆಂತೂ (ಡಿಫ್ರ್ಯಾಕ್ಷನ್ ಚಿತ್ರದ ಅಳತೆ) ಬದಲಾಗಿರುತ್ತೆ, ನಾಳೆ ಡಿಫ್ರ್ಯಾಕ್ಷನ್ನಲ್ಲಿ ಡಿ ಸ್ಪೇಸಿಂಗ್ (ಪರಮಾಣು ಪದರಗಳ ನಡುವಿನ ಅಂತರ) ಅಳೆದು ಚಿನ್ನಕ್ಕೆ ಸರಿಹೋಗ್ತಿಲ್ಲ ಅಂತ ಇನ್ನೊಂದು ಪ್ರಶ್ನೆ ಹಾಕ್ತೀಯ.

ಪಕ್ಕದ ಚೌಕಕ್ಕೆ ಹೋದ್ರೆ ಫೋಕಸ್ ಹೋಗೋದು ಮಾಮೂಲಿ. ಚಿಮಟದಲ್ಲಿ ಎತ್ತುವಾಗ ಗ್ರಿಡ್ ಬಗ್ಗಿರುತ್ತೆ. ಅಂಚನ್ನ ಹಿಡಿದು ಎತ್ತು, ಮತ್ತೆ ನೋಡೋ ಜಾಗ ಬದಲಾದಾಗಲೆಲ್ಲ ಝಡ್ ಸರಿ ಮಾಡು.

ಅಂಗ್‌ಸ್ಟ್ರಾಮ್:
ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಲ್ಯಾಟಿಸ್ ಕಾಣದೇ ಇರೋದಕ್ಕೆ ಕಾರಣ ವಾಬ್ಲರ್ ನಂಬಿರೋದು. ಲೆಕ್ಕ ಹಾಕಿ ನೋಡಿ. ವಾಬ್ಲರ್ ಬೀಮನ್ನ ಎರಡೂ ಕಡೆ ಓರೆ ಮಾಡುತ್ತೆ, ಒಟ್ಟು ಕೋನ 10 ಮಿಲಿರೇಡಿಯನ್ ಅಂದ್ಕೊಳ್ಳಿ, ಫೋಕಸ್ 1 ಮೈಕ್ರಾನ್ ತಪ್ಪಿದ್ರೆ ಇಮೇಜ್ ಜಿಗಿಯೋದು 10 ನ್ಯಾನೋಮೀಟರ್, ಅಂದ್ರೆ ನಿಮ್ಮ ಕಣದಷ್ಟೇ, ಕಣ್ಣಿಗೆ ಕಾಣುತ್ತೆ. 50 ನ್ಯಾನೋಮೀಟರ್ ತಪ್ಪಿದ್ರೆ ಜಿಗಿಯೋದು ಬರೀ ಅರ್ಧ ನ್ಯಾನೋಮೀಟರ್. 4 ಲಕ್ಷ ಪಟ್ಟು ದೊಡ್ಡದು ಮಾಡಿದ್ರೂ ಸ್ಕ್ರೀನ್ ಮೇಲೆ 0.2 ಮಿಲಿಮೀಟರ್, ಅದನ್ನ ಯಾರ್ ನೋಡ್ತಾರೆ. ನಿಮಗೆ ಬೇಕಾಗಿರೋದು ಚಿನ್ನದ 111 ಗೆರೆ, ಅವುಗಳ ಅಂತರ 0.235 ನ್ಯಾನೋಮೀಟರ್. ಹಾಗಾಗಿ ವಾಬ್ಲರ್ ಹತ್ತಿರ ತರೋದಕ್ಕೆ ಮಾತ್ರ, ಕೊನೇ ಹಂತಕ್ಕೆ ಅಲ್ಲ.

ಕೊನೇ ಹಂತಕ್ಕೆ ಕಾರ್ಬನ್ ಫಿಲ್ಮ್ ಖಾಲಿ ಇರೋ ಜಾಗಕ್ಕೆ ಹೋಗಿ ಲೈವ್ ಎಫ್‌ಎಫ್‌ಟಿ (ಇಮೇಜಲ್ಲಿ ಯಾವ ಅಂತರದ ವಿವರ ಎಷ್ಟಿದೆ ಅಂತ ತೋರಿಸೋ ಲೆಕ್ಕದ ಚಿತ್ರ) ಹಾಕ್ಕೊಳ್ಳಿ. ಉಂಗುರಗಳು ಕಾಣ್ತವಲ್ಲ, ಅವು ಥಾನ್ ರಿಂಗ್ಸ್, 1966ರಲ್ಲಿ ಥಾನ್ ತೋರಿಸಿದ್ದು. ಫೋಕಸ್ ದೂರ ಇದ್ರೆ ಉಂಗುರ ಜಾಸ್ತಿ, ಒತ್ತೊತ್ತಾಗಿ ಇರ್ತವೆ, ಹತ್ತಿರ ಬಂದ ಹಾಗೆ ಹೊರಗೆ ಸರೀತಾ ಕಮ್ಮಿ ಆಗ್ತವೆ. 1 ಮೈಕ್ರಾನ್ ದೂರ ಇದ್ದಾಗ ಮೊದಲನೇ ಕರಿ ಉಂಗುರ ಸುಮಾರು 1.6 ನ್ಯಾನೋಮೀಟರ್ ಅಂತರದ ವಿವರ ಬರೋ ಜಾಗದ ಹತ್ರ ಇರುತ್ತೆ. ಉಂಗುರ ಮೊಟ್ಟೆ ಆಕಾರ ಇದ್ರೆ ಅಸ್ಟಿಗ್ಮ್ಯಾಟಿಸಮ್ ಇದೆ, ಆಬ್ಜೆಕ್ಟಿವ್ ಸ್ಟಿಗ್ಮೇಟರಲ್ಲಿ ಗುಂಡಗೆ ಮಾಡಿ. ಅದು ಸರಿಯಾಗದೆ ಫೋಕಸ್ ಹುಡುಕೋದು ವೇಸ್ಟು, ಒಂದು ದಿಕ್ಕಿಗೆ ಫೋಕಸ್ ಆದ್ರೆ ಇನ್ನೊಂದು ದಿಕ್ಕಿಗೆ ಹೋಗಿರುತ್ತೆ.

ಇನ್ನೊಂದು ವಿಷಯ, ಸೊನ್ನೆ ಫೋಕಸ್ ಹತ್ರ ಕಾಂಟ್ರಾಸ್ಟ್ ತೀರಾ ಕಮ್ಮಿ, ಕಾರ್ಬನ್ ಅಂತೂ ಮಾಯಾನೇ ಆಗಿಬಿಡುತ್ತೆ. ಅದನ್ನೇ ಗುರುತು ಇಟ್ಕೊಂಡು ಅಲ್ಲಿಂದ ಅಂಡರ್‌ಫೋಕಸ್ ಕಡೆ (ಲೆನ್ಸಿನ ಬಲ ಬೇಕಾದ್ದಕ್ಕಿಂತ ಕಮ್ಮಿ ಇರೋ ಕಡೆ) ಹೋಗ್ಬೇಕು. ಎಷ್ಟು ಅಂದ್ರೆ ಶೆರ್ಜರ್ 1949ರಲ್ಲೇ ಲೆಕ್ಕ ಕೊಟ್ಟಿದ್ದಾರೆ, ಸ್ಫೆರಿಕಲ್ ಅಬೆರೇಶನ್ ಸಂಖ್ಯೆಯನ್ನ (ಸಿಎಸ್, ಲೆನ್ಸಿನ ದೋಷದ ಅಳತೆ) ತರಂಗದೂರದಿಂದ ಗುಣಿಸಿ ವರ್ಗಮೂಲ ತೆಗೆದು 1.2ರಿಂದ ಗುಣಿಸಿ. 200 ಕೆವಿಲಿ ತರಂಗದೂರ 2.51 ಪಿಕೋಮೀಟರ್, ನಿಮ್ಮ ಲೆನ್ಸಿನ ಸಿಎಸ್ 1.2 ಮಿಲಿಮೀಟರ್ ಆದ್ರೆ ಸುಮಾರು 66 ನ್ಯಾನೋಮೀಟರ್, 0.5 ಆದ್ರೆ 42-43. ಮಷೀನ್ ಮ್ಯಾನ್ಯುಯಲ್‌ನಲ್ಲಿ ಸಿಎಸ್ ಎಷ್ಟು ಅಂತ ನೋಡ್ಕೊಳ್ಳಿ.

ಗ್ರಿಡ್‌ಮರಿ:
ಅಯ್ಯೋ ಇಷ್ಟೊಂದು ಇದ್ಯಾ, ಥ್ಯಾಂಕ್ಸ್ ಇಬ್ಬರಿಗೂ. ಆದ್ರೆ ಎಫ್‌ಎಫ್‌ಟಿಲಿ ಈ ಕಡೆ ತಿರುಗಿಸಿದ್ರೂ ಆ ಕಡೆ ತಿರುಗಿಸಿದ್ರೂ ಉಂಗುರ ಒಂದೇ ಥರ ಕಾಣುತ್ತಲ್ಲ, ಅಂಡರ್ ಯಾವುದು ಓವರ್ ಯಾವುದು ಹೇಗೆ ಗೊತ್ತಾಗೋದು?

ಅಂಗ್‌ಸ್ಟ್ರಾಮ್:
ಒಳ್ಳೇ ಪ್ರಶ್ನೆ, ಎಫ್‌ಎಫ್‌ಟಿ ಒಂದರಿಂದ ಗೊತ್ತಾಗಲ್ಲ. ನಿಮ್ಮ ಬಿಳಿ ಅಂಚು ಕರಿ ಅಂಚು ಕೆಲಸಕ್ಕೆ ಬರೋದು ಇಲ್ಲೇ. ಕಾರ್ಬನ್ನಲ್ಲಿ ಒಂದು ತೂತು ಹುಡುಕಿ, ಅದರ ಅಂಚಿನ ಒಳಗಡೆ ಬಿಳಿ ಗೆರೆ ಬಂದ್ರೆ ಅಂಡರ್, ಕರಿ ಗೆರೆ ಬಂದ್ರೆ ಓವರ್. ಫ್ರೆನೆಲ್ ಫ್ರಿಂಜ್ ಇದು. ತೂತಿನ ಸುತ್ತ ಗೆರೆ ಎಲ್ಲಾ ಕಡೆ ಒಂದೇ ದಪ್ಪ ಇಲ್ಲ ಅಂದ್ರೆ ಸ್ಟಿಗ್ಮೇಟರ್ ಸರಿಯಿಲ್ಲ ಅಂತಾನೂ ಅಲ್ಲೇ ಗೊತ್ತಾಗುತ್ತೆ.

ಹಳೇ_ಆಪರೇಟರ್:
ಎಫ್‌ಎಫ್‌ಟಿ ಇಲ್ಲದ ಕಾಲದಲ್ಲಿ ನಾವು ಚಿಕ್ಕ ಸ್ಕ್ರೀನು, ದುರ್ಬೀನು, ಈ ತೂತಿನ ಅಂಚು ಇಷ್ಟರಲ್ಲೇ ಎಲ್ಲಾ ಮಾಡ್ತಿದ್ವಿ, ಈಗಿನವರು ಕಂಪ್ಯೂಟರ್ ನೋಡ್ತಾರೆ ಸ್ಯಾಂಪಲ್ ನೋಡಲ್ಲ :) ಚಿನ್ನದ ಕಣಕ್ಕೆ ಇನ್ನೊಂದು ಉಪಾಯ ಇದೆ, ಆಬ್ಜೆಕ್ಟಿವ್ ಅಪರ್ಚರ್ (ಡಿಫ್ರ್ಯಾಕ್ಟ್ ಆದ ಬೀಮನ್ನ ತಡೆಯೋ ತೂತಿನ ಪಟ್ಟಿ) ಹೊರಗೆ ತೆಗಿ, ಫೋಕಸ್ ತಪ್ಪಿದ್ದಾಗ ಕಣದ ಪಕ್ಕದಲ್ಲಿ ಅದರದ್ದೇ ಬೆಳ್ಳಗಿನ ನೆರಳು ದೂರ ನಿಂತಿರುತ್ತೆ. ಡಿಫ್ರ್ಯಾಕ್ಟ್ ಆದ ಬೀಮು ಬೇರೆ ದಿಕ್ಕಿಗೆ ಹೋಗಿ ಮಾಡೋ ಇಮೇಜು ಅದು. 1 ಮೈಕ್ರಾನ್ ತಪ್ಪಿದ್ರೆ ಹತ್ತಿರ ಹತ್ತಿರ 10 ನ್ಯಾನೋಮೀಟರ್ ದೂರ. ನಾಬ್ ತಿರುಗಿಸ್ತಾ ಹೋದ ಹಾಗೆ ನೆರಳು ಬಂದು ಕಣಕ್ಕೆ ಸೇರ್ಕೊಳ್ಳುತ್ತೆ, ಸೇರಿದ ಕಡೆ ಫೋಕಸ್ಸು. ಕಣ್ಣಿಗೆ ಇದಕ್ಕಿಂತ ಸುಲಭದ್ದು ನಾನಂತೂ ನೋಡಿಲ್ಲ.

ಐಸ್_ಗ್ರಿಡ್:
ಬಯಾಲಜಿ ಕಡೆಯಿಂದ ಒಂದು ಮಾತು. ಮೇಲಿನವರು ಹೇಳೋ 66 ನ್ಯಾನೋಮೀಟರ್ ಎಲ್ಲಾ ಚಿನ್ನಕ್ಕೆ ಸರಿ, ನಮ್ಮ ಕ್ರಯೋದಲ್ಲಿ (ಸ್ಯಾಂಪಲ್ಲನ್ನ ಹೆಪ್ಪುಗಟ್ಟಿಸಿ ನೋಡೋದು) ಐಸ್ ಒಳಗಿನ ಪ್ರೋಟೀನ್ ಅಷ್ಟರಲ್ಲಿ ಕಾಣೋದೇ ಇಲ್ಲ, ಬೇಕಂತಲೇ 1-2 ಮೈಕ್ರಾನ್ ಅಂಡರ್‌ಫೋಕಸ್ ಇಡ್ತೀವಿ, ಅದೂ ಎಲ್ಲಾ ಫೋಟೋಗೂ ಒಂದೇ ಅಲ್ಲ ಬೇರೆ ಬೇರೆ, ಯಾಕಂದ್ರೆ ಒಂದು ಡಿಫೋಕಸ್ಸಲ್ಲಿ ಕರಿ ಉಂಗುರದ ಜಾಗದಲ್ಲಿ ಕಳೆದುಹೋಗೋ ಮಾಹಿತಿ ಇನ್ನೊಂದರಲ್ಲಿ ಸಿಗುತ್ತೆ. ಮತ್ತೆ ಫೋಟೋ ತೆಗೆಯೋ ಜಾಗದಲ್ಲೇ ಫೋಕಸ್ ಮಾಡೋ ಹಾಗಿಲ್ಲ, ಬೀಮಿಗೆ ಸ್ಯಾಂಪಲ್ ಸುಟ್ಟುಹೋಗುತ್ತೆ, ಪಕ್ಕದ ಕಾರ್ಬನ್ ಮೇಲೆ ಫೋಕಸ್ ಮಾಡಿ ಇಲ್ಲಿಗೆ ಬಂದು ಎಕ್ಸ್‌ಪೋಶರ್ ಕೊಡ್ತೀವಿ. ಆ ಪಕ್ಕದ ಜಾಗ ಟಿಲ್ಟ್ ಆಕ್ಸಿಸ್ ಉದ್ದಕ್ಕೇ ಇರ್ಬೇಕು, ಇಲ್ಲಾಂದ್ರೆ ಹೋಲ್ಡರ್ ಓರೆ ಇದ್ದಾಗ ಎರಡು ಜಾಗಕ್ಕೂ ಎತ್ತರ ಬೇರೆ ಆಗಿ ಫೋಕಸ್ ತಪ್ಪುತ್ತೆ.

ಗ್ರಿಡ್‌ಮರಿ:
ಅಪ್‌ಡೇಟ್: ಇವತ್ತು ಝಡ್ ಮೊದಲು, ಆಮೇಲೆ ವಾಬ್ಲರ್, ಆಮೇಲೆ ಕಾರ್ಬನ್ ಎಫ್‌ಎಫ್‌ಟಿ, ಆಮೇಲೆ ಕಣ. ಕೆಲವು ಕಣಗಳಲ್ಲಿ ಗೆರೆ ಬಂತು!! ಆದ್ರೆ ಎಫ್‌ಎಫ್‌ಟಿಲಿ ಉಂಗುರ ಗುಂಡಗೇ ಇದ್ದು ಒಂದು ದಿಕ್ಕಲ್ಲಿ ಮಾತ್ರ ಮಸುಕಾಗಿ ಕಟ್ ಆದ ಹಾಗೆ ಕಾಣ್ತಿತ್ತು, ಇದೂ ಸ್ಟಿಗ್ಮೇಟರ್ರಾ?

ಹಳೇ_ಆಪರೇಟರ್:
ಅಲ್ಲ, ಅದು ಡ್ರಿಫ್ಟು. ಸ್ಟಿಗ್ಮೇಟರ್ ತಪ್ಪಿದ್ರೆ ಉಂಗುರದ ಆಕಾರ ಕೆಡುತ್ತೆ, ಸ್ಯಾಂಪಲ್ ಓಡ್ತಿದ್ರೆ ಆಕಾರ ಹಾಗೇ ಇದ್ದು ಓಡೋ ದಿಕ್ಕಲ್ಲಿ ಅಳಿಸಿಹೋಗುತ್ತೆ. ಹೋಲ್ಡರ್ ಹಾಕಿ ಅರ್ಧ ಗಂಟೆ ಸುಮ್ಮನೆ ಬಿಡು, ಅಷ್ಟರಲ್ಲಿ ಅಲೈನ್ಮೆಂಟ್ ಮಾಡ್ಕೋ. ಎಕ್ಸ್‌ಪೋಶರ್ ಟೈಮೂ ಕಮ್ಮಿ ಮಾಡಿ ನೋಡು.