ಎರಡೂ ಮಾತ್ರೆ ಮರುಹೀರಿಕೆಯನ್ನೇ ತಡೆಯುವುದಾದರೆ ಒಂದಕ್ಕೇಕೆ ಇಷ್ಟು ನಿಧಾನ?

ನಿದ್ದೆಗೇಡಿ: ಗಮನದ ಕೊರತೆಗೆ ಮಿಥೈಲ್‌ಫೆನಿಡೇಟ್, ಖಿನ್ನತೆಗೆ ಸರ್ಟ್ರಾಲಿನ್, ಎರಡನ್ನೂ ವೈದ್ಯರು ಬರೆದುಕೊಟ್ಟಿದ್ದಾರೆ. ಮೊದಲನೆಯದನ್ನು ನುಂಗಿ ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕೆ ಬಿಟ್ಟಿದ್ದ ಪತ್ರ ಮುಗಿದಿರುತ್ತದೆ. ಎರಡನೆಯದರಿಂದ ಈವರೆಗೆ ದಕ್ಕಿದ್ದು ವಾಕರಿಕೆ ಮತ್ತು ತುಂಡು ತುಂಡು ನಿದ್ದೆ. ಎರಡೂ ಮರುಹೀರಿಕೆಯನ್ನು, ಅಂದರೆ ನರಕೋಶ ತಾನು ಹೊರಬಿಟ್ಟ ರಾಸಾಯನಿಕವನ್ನು ಮತ್ತೆ ಒಳಗೆಳೆದುಕೊಳ್ಳುವುದನ್ನು, ತಡೆಯುತ್ತವೆ ಎಂದು ಓದಿದೆ. ಹಾಗಾದರೆ ಸರ್ಟ್ರಾಲಿನ್ ಹೆಚ್ಚಿಸುವ ಸೆರೊಟೋನಿನ್ ಎಂಬ ರಾಸಾಯನಿಕಕ್ಕೇನು ಸೋಮಾರಿತನ?

ಅನುಭವಸ್ಥ: ನನಗೂ ಮೊದಲು ಬಂದದ್ದು ವಾಕರಿಕೆಯೇ. ಊಟದ ಜೊತೆ ತೆಗೆದುಕೊಂಡ ಮೇಲೆ ತಗ್ಗಿತು. ಮನಸ್ಸು ತಿಳಿಯಾದದ್ದನ್ನು ನನಗಿಂತ ಮೊದಲು ಮನೆಯವರು ಗಮನಿಸಿದರು.

ಔಷಧಶಾಸ್ತ್ರದ ಮೇಷ್ಟ್ರು: ಸೋಮಾರಿತನದ ಆರೋಪ ತಪ್ಪು. ಸರ್ಟ್ರಾಲಿನ್ ಕೂಡ ಕೆಲವೇ ಗಂಟೆಗಳಲ್ಲಿ ಸೆರೊಟೋನಿನನ್ನು ಮರಳಿ ಕೋಶದೊಳಕ್ಕೆ ಸಾಗಿಸುವ ಪ್ರೋಟೀನನ್ನು ಹಿಡಿದುಬಿಡುತ್ತದೆ. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲಿದೆ, ಹಾಗಾಗಿ ಸುದ್ದಿ ಮೊದಲು ಹೊಟ್ಟೆಗೆ ಮುಟ್ಟುತ್ತದೆ. ತಡವಾಗುವುದು ಮಿದುಳಿನಲ್ಲಿ. ಮಿದುಳುಕಾಂಡದಲ್ಲಿ ಸೆರೊಟೋನಿನ್ ಸ್ರವಿಸುವ ರಾಫೆ ನರಕೋಶಗಳ ಮೈಮೇಲೇ 5-ಎಚ್‌ಟಿ1ಎ ಎಂಬ ಗ್ರಾಹಕಗಳಿವೆ, ಅಂದರೆ ಸೆರೊಟೋನಿನ್ ಬಂದು ಅಂಟುವ ಪ್ರೋಟೀನುಗಳು. ಸುತ್ತ ಸೆರೊಟೋನಿನ್ ಏರಿದೊಡನೆ ಅವು ಆ ಕೋಶಗಳ ಚಟುವಟಿಕೆಯನ್ನೇ ತಗ್ಗಿಸುತ್ತವೆ. ಔಷಧಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಮಿದುಳು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ವಾರಗಳು ಉರುಳಿದಂತೆ ಈ ಗ್ರಾಹಕಗಳು ಮಂದವಾಗುತ್ತವೆ, ಕೋಶಗಳು ಮತ್ತೆ ಚುರುಕಾಗುತ್ತವೆ. ಇದೊಂದೇ ಕಾರಣವಲ್ಲ, ನರಕೋಶಗಳ ನಡುವಿನ ಸಂಪರ್ಕಗಳು ಬದಲಾಗುವುದಕ್ಕೂ ಕಾಲ ಬೇಕು.

ಮಿಥೈಲ್‌ಫೆನಿಡೇಟ್ ತಡೆಯುವುದು ಡೋಪಮಿನ್ ಮತ್ತು ನಾರ್‌ಅಡ್ರಿನಾಲಿನ್ ಎಂಬ ಬೇರೆ ಎರಡು ನರ ರಾಸಾಯನಿಕಗಳ ಮರುಹೀರಿಕೆಯನ್ನು. ಅಲ್ಲಿ ಏರಿಕೆಯೇ ಪರಿಣಾಮ, ಇಳಿದರೆ ಅದೂ ಮುಗಿಯಿತು. ಸಾದಾ ಮಾತ್ರೆಯ ಆಟ ಸುಮಾರು 3ರಿಂದ 4 ಗಂಟೆ. (ಇದೇ ಬಗೆಯ ಉತ್ತೇಜಕ ಮದ್ದಾದ ಆಂಫೆಟಮಿನ್ ಇನ್ನೂ ಒಂದು ಹೆಜ್ಜೆ ಮುಂದೆ: ಕೋಶದೊಳಗೆ ದಾಸ್ತಾನಿರುವ ಡೋಪಮಿನನ್ನೂ ಹೊರದಬ್ಬುತ್ತದೆ.)

‘ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆ’ ಎಂಬ ಮಾತು ಕೇಳಿದರೆ ನನಗೆ ರೇಗುತ್ತದೆ. 1950ರ ದಶಕದಲ್ಲಿ ಕ್ಷಯಕ್ಕೆಂದು ಕೊಟ್ಟ ಇಪ್ರೊನಿಯಾಜಿಡ್ ಎಂಬ ಮದ್ದು ರೋಗಿಗಳಲ್ಲಿ ಉಲ್ಲಾಸ ತಂದಿತು. ಮದ್ದು ಮೊದಲು ಸಿಕ್ಕಿತು, ಕೊರತೆಯ ಕಥೆಯನ್ನು ಆಮೇಲೆ ಹೆಣೆದರು.

ನಿದ್ದೆಗೇಡಿ: ಬೇಗ ಕೆಲಸ ಮಾಡಲೆಂದು ಸರ್ಟ್ರಾಲಿನ್ ದುಪ್ಪಟ್ಟು ನುಂಗಿದರೆ?

ಔಷಧಶಾಸ್ತ್ರದ ಮೇಷ್ಟ್ರು: ಖಂಡಿತ ಬೇಡ. 50 ಮಿಲಿಗ್ರಾಂನಲ್ಲೇ ಸಾಗಣೆ ಪ್ರೋಟೀನಿನ ಶೇ. 80ರಷ್ಟು ಔಷಧಿಯಿಂದ ಭರ್ತಿಯಾಗಿರುತ್ತದೆ. ಅವಸರಕ್ಕೆ ಮೇಲೆ ಸುರಿದರೆ ಗ್ರಾಹಕಗಳು ಬೇಗ ಮಂದವಾಗುವುದಿಲ್ಲ, ವಾಕರಿಕೆ ಹೆಚ್ಚೀತು. ಬೇಸತ್ತು ಥಟ್ಟನೆ ನಿಲ್ಲಿಸಿದರೂ ತಲೆಸುತ್ತು, ತಲೆಯೊಳಗೆ ವಿದ್ಯುತ್ ಹೊಡೆದಂಥ ಝುಮ್ಮೆನಿಸುವಿಕೆ ಕಾಡಬಹುದು. ನಿದ್ದೆಯ ವಿಷಯವನ್ನು ಈಗಲೇ ವೈದ್ಯರಿಗೆ ಹೇಳಿ. ಎರಡೂ ಮಾತ್ರೆಗಳು ನಿದ್ದೆ ಕೆಡಿಸಬಲ್ಲವು, ಹೊತ್ತು ಬದಲಿಸಿದರೆ ಸರಿಹೋಗಬಹುದು.